ಮುನ್ಸೂಚನೆಯೂ ಒಂದು ಬಂಡವಾಳ: ಸೂರತ್ ನಗರ ಕಲಿತ ಪಾಠ

ಕರ್ನಾಟಕದ ಜವಳಿ ವರ್ತಕರಿಗೆ ಸೂರತ್ ಅಪರಿಚಿತ ಊರಲ್ಲ. ಬೆಂಗಳೂರಿನ ಚಿಕ್ಕಪೇಟೆಯಿಂದ ಮೊದಲ್ಗೊಂಡು ತಾಲ್ಲೂಕು ಕೇಂದ್ರಗಳ ಸಂತೆಯವರೆಗೆ ಮಾರಾಟವಾಗುವ ಕೃತಕ ನೂಲಿನ ಸೀರೆ ಹಾಗೂ ಉಡುಪಿನ ಬಟ್ಟೆಗಳಲ್ಲಿ ಗಣನೀಯ ಪಾಲು ಬರುವುದು ಗುಜರಾತಿನ ಈ ನಗರದಿಂದ. ಜವಳಿಯ ಜೊತೆಗೆ ವಜ್ರ ಕಡೆಯುವ ಉದ್ಯಮಕ್ಕೂ ಅದು ಜಗತ್ಪ್ರಸಿದ್ಧ. ವಿದ್ಯುತ್ ಮಗ್ಗಗಳು, ಬಣ್ಣ ಹಾಕುವ ಮತ್ತು ಮುದ್ರಿಸುವ ಕಾರ್ಖಾನೆಗಳು, ರಿಂಗ್ ರಸ್ತೆಯ ಉದ್ದಕ್ಕೂ ನಿಂತ ಬಹುಮಹಡಿ ಸಗಟು ಮಾರುಕಟ್ಟೆಗಳು ಇವೆಲ್ಲವೂ ಸೇರಿ ಸೂರತ್ ನಗರವನ್ನು ದೇಶದ ಪ್ರಮುಖ ವಾಣಿಜ್ಯ ಕೇಂದ್ರಗಳಲ್ಲೊಂದಾಗಿ ಮಾಡಿವೆ.

ಈ ನಗರವನ್ನು ಇಲ್ಲಿ ಸ್ಮರಿಸಲು ಕಾರಣ ಅದರ ವ್ಯಾಪಾರವಲ್ಲ. ಆಪತ್ತನ್ನು ಎದುರಿಸಲು ಅದು ನಡೆಸಿಕೊಂಡ ಸಿದ್ಧತೆ. ಹನ್ನೆರಡು ವರ್ಷಗಳ ಅಂತರದಲ್ಲಿ ಎರಡು ಭಾರೀ ಆಘಾತಗಳನ್ನು ಕಂಡ ಸೂರತ್, ಸಕಾಲದಲ್ಲಿ ದೊರೆಯುವ ಮಾಹಿತಿಯೂ ರಸ್ತೆ, ವಿದ್ಯುತ್ತುಗಳಂತೆಯೇ ವ್ಯಾಪಾರಕ್ಕೆ ಅತ್ಯವಶ್ಯಕವಾದ ಸೌಕರ್ಯವೆಂಬುದನ್ನು ಬಹಳ ಬೆಲೆ ತೆತ್ತು ಅರಿತುಕೊಂಡಿತು. ಆ ಸೌಕರ್ಯವನ್ನು ಕಟ್ಟುವ ಕಾರ್ಯದಲ್ಲಿ ಅಲ್ಲಿನ ವಾಣಿಜ್ಯ ಸಂಸ್ಥೆಯೂ ಪಾಲುದಾರನಾಯಿತು ಎಂಬುದು ನಮ್ಮ ರಾಜ್ಯದ ಉದ್ಯಮಿಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿ.

ವದಂತಿಯ ಬೆಲೆ

1994ರ ಸೆಪ್ಟೆಂಬರಿನಲ್ಲಿ ಸೂರತ್‌ನಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ರೋಗಕ್ಕೆ ಬಲಿಯಾದವರ ಸಂಖ್ಯೆ ಹತ್ತಾರುಗಳಲ್ಲಿತ್ತು. ಆದರೆ ಭಯದಿಂದ ಊರು ಬಿಟ್ಟವರ ಸಂಖ್ಯೆ ಲಕ್ಷಗಳಲ್ಲಿತ್ತು. ಎಷ್ಟು ಜನರಿಗೆ ಸೋಂಕು ತಗುಲಿದೆ, ಯಾವ ಬಡಾವಣೆಯಲ್ಲಿದೆ, ಯಾವ ಔಷಧ ಎಲ್ಲಿ ದೊರೆಯುತ್ತದೆ ಎಂಬುದನ್ನು ನಂಬಿಕೆ ಹುಟ್ಟುವಂತೆ ತಿಳಿಸುವ ವ್ಯವಸ್ಥೆ ಇರಲಿಲ್ಲ. ಆ ತೆರಪನ್ನು ವದಂತಿ ತುಂಬಿತು. ರೈಲು, ಬಸ್ಸುಗಳಲ್ಲಿ ಕಾರ್ಮಿಕರು ಸ್ವಂತ ಊರುಗಳಿಗೆ ತೆರಳಿದರು; ಅಂಗಡಿಗಳು ಮುಚ್ಚಿದವು; ಮಗ್ಗಗಳು ನಿಂತವು. ಕೆಲವು ದೇಶಗಳು ಭಾರತದೊಂದಿಗಿನ ವಿಮಾನ ಸಂಚಾರವನ್ನೇ ತಾತ್ಕಾಲಿಕವಾಗಿ ನಿಲ್ಲಿಸಿದವು. ರೋಗಕ್ಕಿಂತ ಹೆಚ್ಚಿನ ಆರ್ಥಿಕ ಹಾನಿಯನ್ನು ಭೀತಿಯೇ ಉಂಟುಮಾಡಿತು.

1995ರಲ್ಲಿ ಮಹಾನಗರ ಪಾಲಿಕೆಯ ಆಯುಕ್ತರಾಗಿ ಬಂದ ಎಸ್.ಆರ್. ರಾವ್ ಅವರು ನಗರದ ನೈರ್ಮಲ್ಯವನ್ನು ಸುಧಾರಿಸಿದ ಕಥೆ ದೇಶಕ್ಕೆಲ್ಲ ತಿಳಿದದ್ದೇ. ಕೊಳಕಿಗೆ ಹೆಸರಾಗಿದ್ದ ಊರು ಕೆಲವೇ ವರ್ಷಗಳಲ್ಲಿ ದೇಶದ ಸ್ವಚ್ಛ ನಗರಗಳ ಸಾಲಿಗೆ ಸೇರಿತು. ಅಧಿಕಾರವನ್ನು ವಲಯ ಮಟ್ಟಕ್ಕೆ ಹಂಚಲಾಯಿತು. ಹಿರಿಯ ಅಧಿಕಾರಿಗಳು ಪ್ರತಿದಿನ ಬೀದಿಗಿಳಿದು ಪರಿಶೀಲಿಸುವುದು ಕಡ್ಡಾಯವಾಯಿತು. ಅಷ್ಟಾಗಿ ಚರ್ಚೆಗೆ ಬಾರದ ಇನ್ನೊಂದು ಸುಧಾರಣೆಯೂ ನಡೆಯಿತು. ಆಸ್ಪತ್ರೆಗಳಿಗೆ ಬರುವ ರೋಗಿಗಳ ವಿವರವನ್ನು ಪ್ರತಿದಿನವೂ ಸಂಗ್ರಹಿಸಿ, ಯಾವ ಪ್ರದೇಶದಲ್ಲಿ ಯಾವ ಕಾಯಿಲೆ ಹೆಚ್ಚುತ್ತಿದೆ ಎಂಬುದನ್ನು ಗುರುತಿಸುವ ಪದ್ಧತಿಯನ್ನು ಪಾಲಿಕೆ ರೂಢಿಗೆ ತಂದಿತು. ಆಪತ್ತು ಬಂದ ನಂತರ ಮಾಹಿತಿ ಹುಡುಕುವುದಲ್ಲ, ಆಪತ್ತು ಇಲ್ಲದ ದಿನಗಳಲ್ಲಿಯೇ ಮಾಹಿತಿ ಹರಿಯುತ್ತಿರಬೇಕು ಎಂಬ ತತ್ತ್ವ ಅಲ್ಲಿ ಬೇರೂರಿತು.

ಆದರೆ ಆ ತತ್ತ್ವ ರೋಗಗಳಿಗೆ ಮಾತ್ರ ಅನ್ವಯವಾಗಿತ್ತು. ನದಿಗೆ ಅನ್ವಯವಾಗಲು ಇನ್ನೊಂದು ಆಘಾತ ಬೇಕಾಯಿತು.

2006ರ ಆಗಸ್ಟ್

ತಾಪಿ ನದಿ ಮಧ್ಯಪ್ರದೇಶದ ಬೇತೂಲ್ ಜಿಲ್ಲೆಯ ಮುಲ್ತಾಯಿಯಲ್ಲಿ ಹುಟ್ಟಿ, ಮಹಾರಾಷ್ಟ್ರದ ಖಾನ್‌ದೇಶವನ್ನು ಹಾಯ್ದು, ಸುಮಾರು 724 ಕಿಲೋಮೀಟರ್ ಹರಿದು ಸೂರತ್‌ನ ಬಳಿ ಸಮುದ್ರ ಸೇರುತ್ತದೆ. ನಗರದಿಂದ ಸುಮಾರು ನೂರು ಕಿಲೋಮೀಟರ್ ಮೇಲ್ಭಾಗದಲ್ಲಿ, 1972ರಲ್ಲಿ ಪೂರ್ಣಗೊಂಡ ಉಕಾಯಿ ಅಣೆಕಟ್ಟು ಇದೆ. ಅಣೆಕಟ್ಟು ಬಂದ ಮೇಲೆ ಪ್ರವಾಹದ ಭಯ ತಪ್ಪಿತೆಂದು ಭಾವಿಸಿದ ಜನರು ನದಿಯ ಇಕ್ಕೆಲಗಳಲ್ಲಿಯೂ ನಗರವನ್ನು ವಿಸ್ತರಿಸಿದರು. ಜಲಾಶಯದ ನೀರು ನೀರಾವರಿಗೂ ವಿದ್ಯುತ್ತಿಗೂ ಬೇಕು. ಅದಕ್ಕಾಗಿ ಜಲಾಶಯ ತುಂಬಿರಬೇಕು. ಪ್ರವಾಹವನ್ನು ತಡೆಯಬೇಕಾದರೆ ಅದೇ ಜಲಾಶಯದಲ್ಲಿ ಖಾಲಿ ಜಾಗ ಇರಬೇಕು. ಈ ಎರಡು ಉದ್ದೇಶಗಳ ನಡುವಿನ ಘರ್ಷಣೆ ಮಳೆಗಾಲದಲ್ಲಿ ಮಾತ್ರ ಎದ್ದು ಕಾಣುತ್ತದೆ.

2006ರ ಆಗಸ್ಟ್ ಮೊದಲ ವಾರದಲ್ಲಿ ತಾಪಿಯ ಜಲಾನಯನ ಪ್ರದೇಶದಲ್ಲಿ ಭಾರೀ ಮಳೆ ಸುರಿಯಿತು. ಒಳಹರಿವು ಏಕಾಏಕಿ ಏರಿದಾಗ ಅಣೆಕಟ್ಟಿನಿಂದ ಹೊರಬಿಟ್ಟ ನೀರಿನ ಪ್ರಮಾಣ ಒಂದು ಹಂತದಲ್ಲಿ ಸುಮಾರು 9 ಲಕ್ಷ ಕ್ಯೂಸೆಕ್ಸ್ ತಲುಪಿತು. ನಗರದ ಒಳಗೆ ನದಿಯ ಪಾತ್ರ ಸುರಕ್ಷಿತವಾಗಿ ಸಾಗಿಸಬಲ್ಲ ನೀರಿನ ಎರಡು ಪಟ್ಟಿಗೂ ಇದು ಮಿಗಿಲಾಗಿತ್ತು. ಹೋಪ್ ಸೇತುವೆಯ ಬಳಿ ನದಿಯ ಅಪಾಯದ ಮಟ್ಟ 9.5 ಮೀಟರ್, ಆ ದಿನಗಳಲ್ಲಿ ನೀರು 12 ಮೀಟರನ್ನೂ ದಾಟಿತು. ಆಗಸ್ಟ್ 7 ಮತ್ತು 8ರಂದು ನಗರದ ಮುಕ್ಕಾಲು ಭಾಗಕ್ಕೂ ಹೆಚ್ಚು ಪ್ರದೇಶ ಜಲಾವೃತವಾಯಿತು. ನೂರಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಸಾವಿರಾರು ಕೋಟಿ ರೂಪಾಯಿಗಳ ಆಸ್ತಿ, ಸರಕು ನಾಶವಾಯಿತು.

ಜಲಾಶಯದಲ್ಲಿ ಮೊದಲೇ ಜಾಗ ಬಿಡದೆ ಒಮ್ಮೆಲೇ ನೀರು ಬಿಟ್ಟದ್ದೇ ಅನಾಹುತಕ್ಕೆ ಕಾರಣವೆಂದು ನಾಗರಿಕ ಸಂಘಟನೆಗಳು ಆಪಾದಿಸಿದವು. ಮಳೆಯೇ ನಿರೀಕ್ಷೆಗೆ ಮೀರಿದ್ದಾಗಿತ್ತೆಂಬುದು ಆಡಳಿತದ ವಾದವಾಗಿತ್ತು. ಆ ವಾದ ಏನೇ ಇರಲಿ, ವರ್ತಕನ ದೃಷ್ಟಿಯಿಂದ ಮುಖ್ಯವಾದ ಪ್ರಶ್ನೆ ಒಂದೇ. ನೀರು ಬರುತ್ತಿದೆಯೆಂಬುದು ಅವನಿಗೆ ಎಷ್ಟು ಗಂಟೆ ಮೊದಲು ತಿಳಿಯಿತು? ತಿಳಿದ ಮಾಹಿತಿಯಿಂದ ಅವನು ಏನು ಮಾಡಲು ಸಾಧ್ಯವಾಯಿತು?

ನೆಲಮಾಳಿಗೆಯ ಗೋದಾಮಿನಲ್ಲಿರುವ ಬಟ್ಟೆಯ ಗಂಟುಗಳನ್ನು ಎರಡನೆಯ ಮಹಡಿಗೆ ಸಾಗಿಸಲು ಹಮಾಲರು ಬೇಕು, ವಿದ್ಯುತ್ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಸಮಯ ಬೇಕು. ಮಗ್ಗದ ಮೋಟಾರುಗಳನ್ನು ಕಳಚಿ ಮೇಲೆತ್ತಲು ಒಂದು ಹಗಲಾದರೂ ಬೇಕು. ಲೆಕ್ಕಪತ್ರಗಳನ್ನೂ, ಉದ್ದರಿ ವ್ಯಾಪಾರದ ದಾಖಲೆಗಳನ್ನೂ ಸುರಕ್ಷಿತ ಸ್ಥಳಕ್ಕೆ ಒಯ್ಯಲು ಕೆಲವೇ ತಾಸು ಸಾಕು. ಆದರೆ ಆ ಕೆಲವು ತಾಸು ಸಿಗಬೇಕು. ಅಣೆಕಟ್ಟಿನಿಂದ ಬಿಟ್ಟ ನೀರು ಕೆಲವೇ ತಾಸುಗಳಲ್ಲಿ ನಗರವನ್ನು ಮುಟ್ಟುತ್ತದೆ. ಬಾಗಿಲು ತೆರೆದ ನಂತರ ಹೊರಡುವ ಎಚ್ಚರಿಕೆ ಜೀವ ಉಳಿಸಿಕೊಳ್ಳಲು ನೆರವಾದೀತೇ ಹೊರತು ಸರಕು ಉಳಿಸಿಕೊಳ್ಳಲು ಅಲ್ಲ.

ಮುನ್ಸೂಚನೆಯ ಸರಪಳಿ

ಪ್ರವಾಹದ ನಂತರ ಕೈಗೊಂಡ ಸುಧಾರಣೆಗಳು ಎರಡು ಬಗೆಯವು. ಮೊದಲನೆಯದು ಅಣೆಕಟ್ಟಿನ ನಿರ್ವಹಣೆಗೆ ಸಂಬಂಧಿಸಿದ್ದು. ಉಕಾಯಿ ಜಲಾಶಯದ ಪೂರ್ಣ ಮಟ್ಟ 345 ಅಡಿ. ಮಳೆಗಾಲದ ಆರಂಭದಲ್ಲಿಯೇ ಅದನ್ನು ತುಂಬಿಸಿಕೊಳ್ಳದೆ, ಆಯಾ ತಿಂಗಳಿಗೆ ನಿಗದಿಪಡಿಸಿದ ಮಟ್ಟವನ್ನು ಮೀರದಂತೆ ಕಾಯ್ದುಕೊಂಡು, ಮಳೆಗಾಲದ ಕೊನೆಯಲ್ಲಿ ಮಾತ್ರ ಪೂರ್ಣ ಮಟ್ಟ ತಲುಪಿಸುವ ನಿಯಮದ ಪಾಲನೆಗೆ ಹೆಚ್ಚಿನ ಒತ್ತು ದೊರೆಯಿತು.

ಎರಡನೆಯದು ಮಾಹಿತಿಗೆ ಸಂಬಂಧಿಸಿದ್ದು. ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಏಷ್ಯಾದ ಕೆಲವು ನಗರಗಳಲ್ಲಿ ಕೈಗೊಂಡ ಹವಾಮಾನ ಸಿದ್ಧತಾ ಯೋಜನೆಗೆ ಸೂರತ್ ಆಯ್ಕೆಯಾಯಿತು. 2011ರಲ್ಲಿ ನಗರದ ಕಾರ್ಯತಂತ್ರ ಸಿದ್ಧವಾಯಿತು. 2012ರಲ್ಲಿ ಸೂರತ್ ಹವಾಮಾನ ಬದಲಾವಣೆ ಟ್ರಸ್ಟ್ ಸ್ಥಾಪನೆಯಾಯಿತು. ಪಾಲಿಕೆ ಮತ್ತು ತಾಂತ್ರಿಕ ಸಂಸ್ಥೆಗಳೊಂದಿಗೆ, 1940ರಲ್ಲಿ ಸ್ಥಾಪನೆಯಾದ ದಕ್ಷಿಣ ಗುಜರಾತ್ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಯೂ ಈ ಪ್ರಯತ್ನದಲ್ಲಿ ಕೈಜೋಡಿಸಿತು. ವರ್ತಕರ ಸಂಸ್ಥೆಯೊಂದು ಪರಿಹಾರ ನಿಧಿಗೆ ದೇಣಿಗೆ ನೀಡಿ ಸುಮ್ಮನಾಗದೆ, ಮುನ್ಸೂಚನೆಯ ವ್ಯವಸ್ಥೆಯನ್ನು ರೂಪಿಸುವ ಮೇಜಿನ ಸುತ್ತ ಕುಳಿತದ್ದು ಅಪರೂಪದ ಬೆಳವಣಿಗೆ.

ಈ ವ್ಯವಸ್ಥೆಯ ಕಾರ್ಯವಿಧಾನ ಸರಳವಾಗಿ ಹೀಗಿದೆ. ಜಲಾನಯನ ಪ್ರದೇಶದ ಮಳೆಯ ಮುನ್ಸೂಚನೆ, ಮೇಲ್ಭಾಗದ ಮಾಪನ ಕೇಂದ್ರಗಳಲ್ಲಿ ದಾಖಲಾದ ಮಳೆ ಹಾಗೂ ನದಿಯ ಮಟ್ಟ ಇವುಗಳಿಂದ ಜಲಾಶಯಕ್ಕೆ ಬರಲಿರುವ ಒಳಹರಿವನ್ನು ಅಂದಾಜು ಮಾಡಲಾಗುತ್ತದೆ. ಅದರಿಂದ ಎಷ್ಟು ನೀರನ್ನು ಯಾವಾಗ ಬಿಡಬೇಕಾದೀತೆಂಬುದು ತಿಳಿಯುತ್ತದೆ. ಬಿಟ್ಟ ನೀರು ನಗರದ ಯಾವ ಭಾಗದಲ್ಲಿ ಎಷ್ಟು ಎತ್ತರಕ್ಕೆ ಏರೀತೆಂಬುದನ್ನು ನೆಲದ ಎತ್ತರದ ನಕ್ಷೆಯ ಆಧಾರದ ಮೇಲೆ ಲೆಕ್ಕ ಹಾಕಲಾಗುತ್ತದೆ. ಸಮುದ್ರದ ಉಬ್ಬರವೂ ಈ ಲೆಕ್ಕದಲ್ಲಿ ಸೇರಬೇಕು; ಉಬ್ಬರದ ವೇಳೆಯಲ್ಲಿ ನದಿಯ ನೀರು ಸಮುದ್ರಕ್ಕೆ ಸರಾಗವಾಗಿ ಇಳಿಯುವುದಿಲ್ಲ. ಸುಮಾರು ನಾಲ್ಕು ದಿನ ಮೊದಲೇ ಅಪಾಯದ ಅಂದಾಜು ದೊರೆಯುವಂತೆ ಮಾಡುವುದು ಈ ವ್ಯವಸ್ಥೆಯ ಗುರಿ.

2013ರ ಸೆಪ್ಟೆಂಬರಿನಲ್ಲಿ ತಾಪಿಯಲ್ಲಿ ಮತ್ತೆ ಪ್ರವಾಹ ಬಂದಾಗ ತಗ್ಗು ಪ್ರದೇಶಗಳು ಮುಳುಗಿದವಾದರೂ 2006ರ ಅನಾಹುತ ಮರುಕಳಿಸಲಿಲ್ಲ. ಆ ಪ್ರವಾಹ 2006ರಷ್ಟು ದೊಡ್ಡದಾಗಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ವ್ಯವಸ್ಥೆಯ ನಿಜವಾದ ಪರೀಕ್ಷೆ ಅಂಥದೇ ಮಹಾಪ್ರವಾಹ ಬಂದಾಗ ಮಾತ್ರ ಆಗಬಲ್ಲದು.

ಕ್ಯೂಸೆಕ್ಸ್‌ನಿಂದ ಅಡಿಗೆ

ಸೂರತ್‌ನ ಅನುಭವದಲ್ಲಿ ವರ್ತಕರಿಗೆ ಅತ್ಯಂತ ಉಪಯುಕ್ತವಾದ ಅಂಶ ಯಂತ್ರೋಪಕರಣಗಳಲ್ಲ. ಅಂಕಿಗಳನ್ನು ಅರ್ಥವಾಗುವ ಮಾತಾಗಿ ಪರಿವರ್ತಿಸುವ ವಿಧಾನ. ಕ್ಯೂಸೆಕ್ಸ್ ಎಂದರೆ ಒಂದು ಸೆಕೆಂಡಿಗೆ ಹರಿಯುವ ಘನ ಅಡಿಗಳ ಲೆಕ್ಕ. ‘ಇಂದು ಸಂಜೆ ನಾಲ್ಕು ಲಕ್ಷ ಕ್ಯೂಸೆಕ್ಸ್ ನೀರು ಬಿಡಲಾಗುವುದು’ ಎಂಬ ಪ್ರಕಟಣೆ ಎಂಜಿನಿಯರ್‌ಗೆ ಅರ್ಥವಾದೀತು. ಅಂಗಡಿಯ ಗುಮಾಸ್ತನಿಗೆ ಅದರಿಂದ ಏನೂ ತಿಳಿಯದು. ಅವನಿಗೆ ತಿಳಿಯಬೇಕಾದದ್ದು ತನ್ನ ಬೀದಿಗೆ ನೀರು ಬರುತ್ತದೆಯೇ, ಬಂದರೆ ಎಷ್ಟು ಅಡಿ, ಎಷ್ಟು ಹೊತ್ತಿಗೆ ಎಂಬುದು.

ಇಷ್ಟು ಪ್ರಮಾಣದ ನೀರು ಬಿಟ್ಟರೆ ಇಂಥಿಂಥ ಪ್ರದೇಶ ಮುಳುಗುತ್ತದೆ ಎಂಬ ನಕ್ಷೆ ಕೈಯಲ್ಲಿದ್ದರೆ ಪಾಲಿಕೆಯ ವಲಯ ಕಚೇರಿಗೆ ಯಾವ ಬೀದಿಯ ಜನರನ್ನು ಮೊದಲು ತೆರವುಗೊಳಿಸಬೇಕು, ದೋಣಿಗಳನ್ನು ಎಲ್ಲಿ ಇರಿಸಬೇಕು, ಯಾವ ಶಾಲೆಯನ್ನು ಆಶ್ರಯ ಕೇಂದ್ರವಾಗಿ ತೆರೆಯಬೇಕು ಎಂಬುದು ಸ್ಪಷ್ಟವಾಗುತ್ತದೆ. ಅದೇ ನಕ್ಷೆ ವರ್ತಕನ ಕೈಯಲ್ಲಿದ್ದರೆ ಗೋದಾಮನ್ನು ಎಲ್ಲಿ ಬಾಡಿಗೆಗೆ ಹಿಡಿಯಬೇಕು, ವಿದ್ಯುತ್ ಫಲಕವನ್ನು ಗೋಡೆಯ ಎಷ್ಟು ಎತ್ತರದಲ್ಲಿ ಕೂರಿಸಬೇಕು, ಮಳೆಗಾಲದಲ್ಲಿ ನೆಲಮಾಳಿಗೆಯಲ್ಲಿ ಎಷ್ಟು ದಾಸ್ತಾನು ಇರಿಸಬಹುದು ಎಂಬ ನಿರ್ಧಾರಗಳು ಸುಲಭವಾಗುತ್ತವೆ. ಮುನ್ಸೂಚನೆಯ ಲಾಭ ಪ್ರವಾಹದ ದಿನ ಮಾತ್ರವಲ್ಲ, ಅಂಗಡಿ ಕಟ್ಟುವ ದಿನವೇ ದೊರೆಯುತ್ತದೆ.

ಎಚ್ಚರಿಕೆ ಕೊಡದ ಆಪತ್ತುಗಳು

ಆದಾಗ್ಯೂ ಸೂರತ್ ನಗರವನ್ನು ಎಲ್ಲ ವಿಧದಲ್ಲಿಯೂ ಆದರ್ಶವೆಂದು ಹೊಗಳುವುದು ಸತ್ಯಕ್ಕೆ ದೂರವಾದೀತು. ತಾಪಿಯ ಮೇಲೆ ಕಣ್ಣಿಟ್ಟ ವ್ಯವಸ್ಥೆ ನಗರದೊಳಗಿನ ಹಳ್ಳಗಳ ಉಕ್ಕನ್ನು ತಡೆಯಲಾರದು. ‘ಖಾಡಿ’ ಎಂದು ಕರೆಯುವ ಈ ಹಳ್ಳಗಳು ಸ್ಥಳೀಯ ಮಳೆಗೆ ತುಂಬಿ ಹರಿಯುತ್ತವೆ. 2024ರಲ್ಲಿಯೂ 2025ರ ಜೂನ್‌ನಲ್ಲಿಯೂ ನಗರದ ಹಲವು ಬಡಾವಣೆಗಳು ಇದರಿಂದ ತೊಂದರೆಗೊಳಗಾದವು. ಅಣೆಕಟ್ಟಿನ ನೀರಿಗೆ ದಿನಗಳ ಸೂಚನೆ ಸಿಗಬಹುದು. ತಲೆಯ ಮೇಲೆಯೇ ಸುರಿಯುವ ಮಳೆಗೆ ಸಿಗುವುದು ಕೆಲವು ತಾಸುಗಳ ಸೂಚನೆ ಮಾತ್ರ. ಅಲ್ಲಿ ಕೆಲಸಕ್ಕೆ ಬರುವುದು ಹೂಳು ತೆಗೆದ, ಒತ್ತುವರಿಯಿಲ್ಲದ ಕಾಲುವೆಯೇ.

ಬೆಂಕಿಗೆ ಅಷ್ಟೂ ಸೂಚನೆ ಇಲ್ಲ. 2019ರ ಮೇ 24ರಂದು ಸೂರತ್‌ನ ಸರ್ಥಾಣಾ ಪ್ರದೇಶದ ತಕ್ಷಶಿಲಾ ಆರ್ಕೇಡ್ ಎಂಬ ವಾಣಿಜ್ಯ ಕಟ್ಟಡದಲ್ಲಿ ಬೆಂಕಿ ಹೊತ್ತಿ, ಮೇಲ್ಮಹಡಿಯಲ್ಲಿ ಪಾಠಕ್ಕೆ ಬಂದಿದ್ದ ವಿದ್ಯಾರ್ಥಿಗಳು ಸೇರಿದಂತೆ 22 ಮಂದಿ ಮೃತಪಟ್ಟರು. ಅದರ ನಂತರ ಅಗ್ನಿ ಸುರಕ್ಷತೆಯಿಲ್ಲದ ಅನೇಕ ಕಟ್ಟಡಗಳಿಗೆ ಬೀಗಮುದ್ರೆ ಬಿತ್ತು. ಹಾಗಿದ್ದರೂ 2025ರ ಫೆಬ್ರವರಿಯಲ್ಲಿ ರಿಂಗ್ ರಸ್ತೆಯ ಶಿವಶಕ್ತಿ ಜವಳಿ ಮಾರುಕಟ್ಟೆಯಲ್ಲಿ ಹೊತ್ತಿದ ಬೆಂಕಿ ನೂರಾರು ಅಂಗಡಿಗಳನ್ನು ಆಹುತಿ ತೆಗೆದುಕೊಂಡಿತು. ನಗರವೊಂದು ಪ್ರವಾಹಕ್ಕೆ ಸಿದ್ಧವಾಗಿದ್ದ ಮಾತ್ರಕ್ಕೆ ಎಲ್ಲ ಆಪತ್ತುಗಳಿಗೂ ಸಿದ್ಧವಾಗಿದೆಯೆಂದು ಹೇಳಲಾಗದು. ಬೆಂಕಿಯ ವಿಷಯದಲ್ಲಿ ಪಾಲಿಕೆಯ ಸಂದೇಶಕ್ಕಿಂತ ಕಟ್ಟಡದ ಮಾಲೀಕರ, ಅಂಗಡಿಕಾರರ ಶಿಸ್ತು ಹೆಚ್ಚು ಮುಖ್ಯ. ಸರಕು ಪೇರಿಸಿ ಮುಚ್ಚಿದ ಮೆಟ್ಟಿಲು, ಬೀಗ ಹಾಕಿದ ತುರ್ತು ಬಾಗಿಲು ಇವುಗಳಿಗೆ ಯಾವ ಮುನ್ಸೂಚನೆಯೂ ಪರಿಹಾರವಲ್ಲ.

ಕರ್ನಾಟಕದ ಸ್ಥಿತಿ

ಮಾಹಿತಿಯ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವಲ್ಲ. 1988ರಲ್ಲಿ ಬರ ಪರಿಶೀಲನೆಗೆಂದು ಆರಂಭವಾದ ಘಟಕ ಕಾಲಾನಂತರದಲ್ಲಿ ಬೆಳೆದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಯಲಹಂಕದಲ್ಲಿರುವ ಈ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೂ ಮಳೆಮಾಪಕಗಳನ್ನು ಅಳವಡಿಸಿದೆ. ರೈತರಿಗೆಂದು ರೂಪಿಸಿದ ಅದರ ‘ವರುಣಮಿತ್ರ’ ಸಹಾಯವಾಣಿ ಹೆಸರುವಾಸಿಯಾಗಿದೆ. ಬೆಂಗಳೂರಿಗಾಗಿ ಭಾರತೀಯ ವಿಜ್ಞಾನ ಸಂಸ್ಥೆಯ ಸಹಯೋಗದಲ್ಲಿ ‘ಮೇಘ ಸಂದೇಶ’ ಎಂಬ ಮೊಬೈಲ್ ತಂತ್ರಾಂಶವನ್ನು 2020ರಲ್ಲಿ ಹೊರತರಲಾಯಿತು. ಅಪಾಯದ ಪ್ರದೇಶದಲ್ಲಿರುವ ಎಲ್ಲ ಮೊಬೈಲುಗಳಿಗೆ ಏಕಕಾಲದಲ್ಲಿ ಎಚ್ಚರಿಕೆ ಮುಟ್ಟಿಸುವ ಕೇಂದ್ರ ಸರ್ಕಾರದ ವ್ಯವಸ್ಥೆಯ ಪರೀಕ್ಷಾರ್ಥ ಸಂದೇಶಗಳು 2023ರಲ್ಲಿ ದೇಶದ ಹಲವೆಡೆ ಜನರ ಕೈ ಸೇರಿದವು.

ಆದರೂ 2022ರ ಆಗಸ್ಟ್ ಹಾಗೂ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿತು. ನೌಕರರು ರಸ್ತೆಯಲ್ಲಿ ತಾಸುಗಟ್ಟಲೆ ಸಿಲುಕಿದ ಒಂದೇ ದಿನದಲ್ಲಿ 225 ಕೋಟಿ ರೂಪಾಯಿ ನಷ್ಟವಾಯಿತೆಂದು ಅಲ್ಲಿನ ಕಂಪನಿಗಳ ಒಕ್ಕೂಟ ಸರ್ಕಾರಕ್ಕೆ ಬರೆದ ಪತ್ರ ಸುದ್ದಿಯಾಯಿತು. ದೊಡ್ಡ ಕಂಪನಿಗಳು ತಮ್ಮ ನಷ್ಟವನ್ನು ಲೆಕ್ಕ ಹಾಕಿ ಹೇಳಬಲ್ಲವು. ಗೋದಾಮಿನಲ್ಲಿ ಹಿಟ್ಟಿನ ಚೀಲ ನೆನೆದ ಕಿರಾಣಿ ವರ್ತಕ, ಲೇತ್ ಯಂತ್ರದೊಳಗೆ ಕೆಸರು ಹೊಕ್ಕ ಸಣ್ಣ ಕೈಗಾರಿಕಾ ಘಟಕದ ಮಾಲೀಕ ಇವರ ನಷ್ಟ ಯಾವ ಪತ್ರದಲ್ಲಿಯೂ ಸೇರುವುದಿಲ್ಲ.

ಜಿಲ್ಲಾ ಪಟ್ಟಣಗಳ ಸ್ಥಿತಿಯನ್ನೂ ಮರೆಯುವಂತಿಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭಾ ಮತ್ತು ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕ ಪಟ್ಟಣದ ದೊಡ್ಡ ಭಾಗ ಜಲಾವೃತವಾಯಿತು. ಸೂರತ್‌ಗೆ ಉಕಾಯಿ ಹೇಗೋ ಗೋಕಾಕಕ್ಕೆ ಹಿಡಕಲ್ ಜಲಾಶಯ ಹಾಗೆ. ಮೇಲೆ ಎಷ್ಟು ನೀರು ಬಿಟ್ಟರೆ ಕೆಳಗೆ ಯಾವ ಬೀದಿಗೆ ಎಷ್ಟು ಅಡಿ ನೀರು ಬರುತ್ತದೆ ಎಂಬ ನಕ್ಷೆ ನದಿದಂಡೆಯ ಪ್ರತಿಯೊಂದು ಪೇಟೆಯ ವರ್ತಕರ ಸಂಘದ ಗೋಡೆಯ ಮೇಲೆಯೂ ಇರಬೇಕಾದದ್ದು. ಇದು ದೊಡ್ಡ ಖರ್ಚಿನ ಕೆಲಸವಲ್ಲ. ಹಿಂದಿನ ಪ್ರವಾಹಗಳಲ್ಲಿ ನೀರು ನಿಂತ ಗುರುತುಗಳನ್ನು ಅಂಗಡಿ ಅಂಗಡಿಯಲ್ಲಿಯೂ ವಿಚಾರಿಸಿ ದಾಖಲಿಸಿದರೆ ಅರ್ಧ ಕೆಲಸ ಮುಗಿದಂತೆಯೇ.

ಉದ್ಯಮಿಗಳು ಮಾಡಬಹುದಾದದ್ದು

ಸರ್ಕಾರ ಹಾಗೂ ಪಾಲಿಕೆಗಳ ಹೊಣೆ ಒಂದು ಕಡೆಯಾದರೆ, ಪ್ರತಿಯೊಬ್ಬ ವರ್ತಕನೂ ಸಣ್ಣ ಕೈಗಾರಿಕೋದ್ಯಮಿಯೂ ಸ್ವತಃ ಕೈಗೊಳ್ಳಬಹುದಾದ ಕ್ರಮಗಳು ಇನ್ನೊಂದು ಕಡೆ. ಮೊದಲನೆಯದಾಗಿ, ಎಚ್ಚರಿಕೆ ಬಂದಾಗ ಯಾರು ಏನು ಮಾಡಬೇಕೆಂಬುದನ್ನು ಒಂದು ಹಾಳೆಯಲ್ಲಿ ಬರೆದು ಅಂಗಡಿಯಲ್ಲಿ ಅಂಟಿಸಬೇಕು. ಮೊದಲು ಮೇಲೆತ್ತಬೇಕಾದ ಸರಕು ಯಾವುದು, ವಿದ್ಯುತ್ ಸಂಪರ್ಕವನ್ನು ಯಾರು ಕಡಿತಗೊಳಿಸಬೇಕು, ಕೆಲಸಗಾರರನ್ನು ಎಷ್ಟು ಹೊತ್ತಿಗೆ ಮನೆಗೆ ಕಳುಹಿಸಬೇಕು ಎಂಬುದು ಮಾಲೀಕ ಊರಲ್ಲಿಲ್ಲದಾಗಲೂ ತಿಳಿದಿರಬೇಕು. ಮಳೆಗಾಲಕ್ಕೆ ಮುನ್ನ ಒಮ್ಮೆ ಇದರ ಅಭ್ಯಾಸ ನಡೆಸಿದರೆ ಎಷ್ಟು ಹೊತ್ತು ಬೇಕಾಗುತ್ತದೆ ಎಂಬುದು ಖಚಿತವಾಗುತ್ತದೆ.

ಎರಡನೆಯದಾಗಿ, ಲೆಕ್ಕಪತ್ರಗಳ ಹಾಗೂ ದಾಸ್ತಾನು ಪಟ್ಟಿಯ ಪ್ರತಿ ಬೇರೊಂದು ಸ್ಥಳದಲ್ಲಿಯೂ ಇರಬೇಕು. ನೀರಿನಲ್ಲಿ ಸರಕಿನೊಂದಿಗೆ ಸರಕಿನ ದಾಖಲೆಯೂ ಹೋದರೆ ವಿಮೆಯ ಪರಿಹಾರ ಕೇಳುವುದೇ ಕಷ್ಟವಾಗುತ್ತದೆ.

ಮೂರನೆಯದು ವಿಮೆ. 2021ರ ಏಪ್ರಿಲ್‌ನಿಂದ ವಿಮಾ ನಿಯಂತ್ರಣ ಪ್ರಾಧಿಕಾರದ ಸೂಚನೆಯಂತೆ ಸಣ್ಣ ಉದ್ದಿಮೆಗಳಿಗೆ ಪ್ರಮಾಣೀಕೃತ ವಿಮಾ ಪತ್ರಗಳು ಜಾರಿಗೆ ಬಂದಿವೆ. ಒಂದು ಸ್ಥಳದಲ್ಲಿರುವ ಆಸ್ತಿಯ ಮೌಲ್ಯ 5 ಕೋಟಿ ರೂಪಾಯಿಗಳವರೆಗಿದ್ದರೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’, 5 ಕೋಟಿಗೆ ಮೇಲ್ಪಟ್ಟು 50 ಕೋಟಿಯವರೆಗಿದ್ದರೆ ‘ಭಾರತ್ ಲಘು ಉದ್ಯಮ ಸುರಕ್ಷಾ’. ಬೆಂಕಿ ಮತ್ತು ಪ್ರವಾಹ ಎರಡೂ ಇವುಗಳ ವ್ಯಾಪ್ತಿಗೆ ಬರುತ್ತವೆ. ಕಂತು ಉಳಿಸಲೆಂದು ದಾಸ್ತಾನಿನ ಮೌಲ್ಯವನ್ನು ಬಹಳ ಕಡಿಮೆ ತೋರಿಸಿದರೆ ಪರಿಹಾರವೂ ಅದೇ ಪ್ರಮಾಣದಲ್ಲಿ ಕಡಿತವಾಗಬಹುದೆಂಬುದನ್ನು ನೆನಪಿಡಬೇಕು.

ನಾಲ್ಕನೆಯದು ಸಂಘಟನೆಗೆ ಸಂಬಂಧಿಸಿದ್ದು. 2005ರ ವಿಪತ್ತು ನಿರ್ವಹಣಾ ಕಾಯ್ದೆಗೆ 2025ರಲ್ಲಿ ತಿದ್ದುಪಡಿಯಾಗಿದೆ. ರಾಜ್ಯಗಳ ರಾಜಧಾನಿಗಳಿಗೂ ಮಹಾನಗರ ಪಾಲಿಕೆಯುಳ್ಳ ನಗರಗಳಿಗೂ ಪ್ರತ್ಯೇಕವಾದ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರವನ್ನು ರಚಿಸಲು ಅದರಲ್ಲಿ ಅವಕಾಶ ಕಲ್ಪಿಸಲಾಗಿದೆ. ಇದುವರೆಗೆ ಜಿಲ್ಲಾ ಮಟ್ಟದಲ್ಲಿ ನಡೆಯುತ್ತಿದ್ದ ಯೋಜನೆ ನಗರದ ಮಟ್ಟಕ್ಕೆ ಇಳಿಯಲಿದೆ. ಇಂಥ ಪ್ರಾಧಿಕಾರಗಳು ರೂಪುಗೊಳ್ಳುವಾಗ ಬೆಂಗಳೂರು ಮಾತ್ರವಲ್ಲದೆ ಹುಬ್ಬಳ್ಳಿ-ಧಾರವಾಡ, ಮೈಸೂರು, ಮಂಗಳೂರು, ಬೆಳಗಾವಿ, ಕಲಬುರಗಿ ಮೊದಲಾದ ನಗರಗಳ ವಾಣಿಜ್ಯ ಸಂಸ್ಥೆಗಳು ತಮ್ಮ ಪ್ರತಿನಿಧಿಗೂ ಸ್ಥಾನ ನೀಡುವಂತೆ ಆಗ್ರಹಿಸುವುದು ಯೋಗ್ಯ. ಬೇಡಿಕೆಯೊಂದಿಗೆ ಕೊಡುಗೆಯೂ ಇರಬೇಕು. ಸದಸ್ಯರ ದೂರವಾಣಿ ಪಟ್ಟಿ, ಗೋದಾಮುಗಳ ವಿವರ, ಲಾರಿಗಳು, ಪಂಪುಗಳು, ಜನರೇಟರುಗಳ ಲೆಕ್ಕ ಇವೆಲ್ಲವೂ ವರ್ತಕರ ಸಂಘಗಳಲ್ಲಿ ಇರುವಷ್ಟು ಸ್ಪಷ್ಟವಾಗಿ ಯಾವ ಸರ್ಕಾರಿ ಕಚೇರಿಯಲ್ಲಿಯೂ ಇರಲಾರವು. ಎಚ್ಚರಿಕೆಯ ಸಂದೇಶ ಸಂಘದ ಮೂಲಕ ಸದಸ್ಯನಿಗೆ, ಸದಸ್ಯನ ಮೂಲಕ ಅವನ ಕೆಲಸಗಾರನ ಮನೆಗೆ ತಲುಪಿದರೆ ವದಂತಿಗೆ ಜಾಗವಿರುವುದಿಲ್ಲ.

ಪ್ರವಾಹ ಬಂದು ಹೋದ ಮೇಲೆ ಪರಿಹಾರಕ್ಕಾಗಿ ಮನವಿ ಸಲ್ಲಿಸುವುದು ವರ್ತಕ ಸಮುದಾಯಕ್ಕೆ ರೂಢಿಯಾಗಿದೆ. ಪ್ರವಾಹಕ್ಕೆ ಮೊದಲೇ ಮಾಹಿತಿಗಾಗಿ ಮನವಿ ಸಲ್ಲಿಸುವ ರೂಢಿ ಇನ್ನು ಬೆಳೆಯಬೇಕಾಗಿದೆ. ಸೂರತ್‌ನ ವರ್ತಕರು ಈ ಪಾಠವನ್ನು ಕಲಿತದ್ದು ಎರಡು ಆಘಾತಗಳ ನಂತರ. ಅಷ್ಟು ಬೆಲೆ ತೆರದೆಯೇ ಕಲಿಯುವ ಅವಕಾಶ ಕರ್ನಾಟಕದ ನಗರಗಳಿಗೆ ಈಗ ಇದೆ. ಮುಂದಿನ ಮಳೆಗಾಲಕ್ಕೆ ಮುನ್ನ ಪ್ರತಿಯೊಂದು ವರ್ತಕರ ಸಂಘವೂ ತನ್ನ ಪೇಟೆಯ ನೀರಿನ ಗುರುತುಗಳನ್ನು ದಾಖಲಿಸಿ ಪಾಲಿಕೆಯ ಮುಂದಿಟ್ಟರೆ, ಆ ದಿಸೆಯಲ್ಲಿ ಮೊದಲ ಹೆಜ್ಜೆ ಇಟ್ಟಂತಾಗುತ್ತದೆ.